ವೇದದಲ್ಲಿರುವ ಒರಟು ಮಾತು ಯಾರ ಮೇಲೆ ಬೀಳುತ್ತದೆ?

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಕೆಟ್ಟ ಮಾತುಗಳಿವೆಯಾ ಎಂದು ಯಾರಾದರೂ ಕೇಳಿದರೆ, ಇವೆ ಎಂದೇ ಹೇಳಬೇಕು. ಮಲ ಇದೆ, ಮೂತ್ರ ಇದೆ. ಸೂಳೆ ಎಂಬ ಮಾತು ಎಷ್ಟೋ ಕಡೆ ಇದೆ. ಮಲಾಕಿಯನ 2ನೇ ಅಧ್ಯಾಯದಲ್ಲಿ ದೇವರು ಯಾಜಕರಿಗೆ, ನಿಮ್ಮ ಹಬ್ಬದ ಪಶುಗಳ ಸಗಣಿಯನ್ನೇ ನಿಮ್ಮ ಮುಖಕ್ಕೆ ಬಳಿಯುತ್ತೇನೆ ಅನ್ನುತ್ತಾರೆ. ಸುನ್ನತಿ ಆಗಲೇಬೇಕು ಎಂದು ಗಲಾತ್ಯದವರನ್ನು ಕಾಡುತ್ತಿದ್ದವರ ಬಗ್ಗೆ ಪೌಲನು, ಅವರು ಪೂರ್ತಿಯಾಗಿಯೇ ಕತ್ತರಿಸಿಕೊಂಡುಬಿಡಲಿ ಅನ್ನುತ್ತಾನೆ. ಪ್ರವಾದಿ ಯೆಹೆಜ್ಕೇಲನ 23ನೇ ಅಧ್ಯಾಯದ 20ನೇ ವಚನವನ್ನಂತೂ ಮಕ್ಕಳು ಕೂತಿರುವ ಸಭೆಯಲ್ಲಿ ಗಟ್ಟಿಯಾಗಿ ಓದಲು ಹೆಚ್ಚಿನವರಿಗೆ ಬಾಯಿ ಬರುವುದಿಲ್ಲ.

ಹಾಗಾದರೆ ಪ್ರಸಂಗ ಮಾಡುವವರು ಈ ಮಾತುಗಳನ್ನು ಆಡಬಹುದಾ? ನಮ್ಮಲ್ಲಿ ಕೆಲವರು, ವಾಕ್ಯದಲ್ಲಿದೆ, ಹಾಗಾಗಿ ತಪ್ಪಿಲ್ಲ ಅನ್ನುತ್ತಾರೆ. ಇನ್ನು ಕೆಲವರು, ದೇವರ ಮನೆಯಲ್ಲಿ ಅದೆಲ್ಲಾ ಬೇಡ, ಆ ಅಧ್ಯಾಯಗಳನ್ನು ಬಿಟ್ಟು ಓದಿ ಅನ್ನುತ್ತಾರೆ. ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತಾ, ಸ್ತ್ರೀಯರ ಕೂಟದಲ್ಲಿ ಓದುತ್ತಾ ನಾನು ಈ ಪ್ರಶ್ನೆಯ ಜೊತೆಯಲ್ಲೇ ಬದುಕಿದ್ದೇನೆ. ಎರಡೂ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಆ ಮಾತು ಯಾರ ಬಾಯಿಂದ ಬಂತು, ಯಾರ ಕಡೆಗೆ ಹೋಯಿತು, ಅವರಿಗೆ ತಿರುಗಿ ಹೇಳುವ ಶಕ್ತಿ ಇತ್ತಾ? ಇದನ್ನು ನೋಡದೆ ಬರೀ ಮಾತನ್ನು ಹಿಡಿದು ವಾದ ಮಾಡಿದರೆ ಏನೂ ತೀರ್ಮಾನ ಆಗುವುದಿಲ್ಲ.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ದಕ್ಷಿಣ ಕೊಡಗಿನಲ್ಲಿ ನಡೆದ ಒಂದು ಉಜ್ಜೀವನ ಕೂಟಕ್ಕೆ ಹೋಗಿದ್ದೆ. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಯೆಹೆಜ್ಕೇಲ 23ನ್ನು ಓದಿದರು. ಓದಿ ಮುಗಿಸಿದವರೇ ಹೆಂಗಸರು ಕೂತಿದ್ದ ಬದಿಗೆ ತಿರುಗಿದರು. ಬೆಂಗಳೂರು, ಮೈಸೂರು ಅಂತ ಕೆಲಸಕ್ಕೆ ಹೋಗುವ ಹುಡುಗಿಯರ ಬಗ್ಗೆ ಮಾತು ಶುರುವಾಯಿತು. ಅವರ ಬಟ್ಟೆ, ಅವರ ಮೊಬೈಲು, ಅವರು ರಾತ್ರಿ ಬಸ್ಸಿನಲ್ಲಿ ಬರುವುದು. ಆಮೇಲೆ ಆ ಅಧ್ಯಾಯದ ಮಾತನ್ನೇ ಎತ್ತಿ ಆ ಹುಡುಗಿಯರಿಗೆ ಹಾಕಿದರು. ಮೈಕಿನಲ್ಲಿ, ಮತ್ತೆ ಮತ್ತೆ. ನನ್ನ ಪಕ್ಕದಲ್ಲಿದ್ದವರ ಮಗಳು ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್. ಅವಳು ಕಳಿಸುವ ದುಡ್ಡಿನಿಂದ ಆ ಮನೆ ನಡೆಯುತ್ತದೆ. ಆ ತಾಯಿ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ತಲೆ ತಗ್ಗಿಸಿ ಕೂತರು. ಕೂಟ ಮುಗಿದ ಮೇಲೆ ಕೆಲವರು ಹೋಗಿ ಕೇಳಿದಾಗ ಬಂದ ಉತ್ತರ ಇಷ್ಟೇ: "ನಾನು ಹೇಳಿದ್ದಲ್ಲ, ವಾಕ್ಯ ಹೇಳುತ್ತದೆ."

ವಾಕ್ಯ ಹಾಗೆ ಹೇಳುವುದಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕು.

ಯೆಹೆಜ್ಕೇಲನ ಮುಂದೆ ಕೂತಿದ್ದವರು ಯಾರು? ಅವನು ಬಾಬೆಲಿಗೆ ಸೆರೆಹೋದವರ ನಡುವೆ, ಕೆಬಾರ್ ನದಿಯ ಹತ್ತಿರ ಇದ್ದವನು. ತಾನೂ ಸೆರೆಯವನೇ. 8ನೇ ಅಧ್ಯಾಯದಲ್ಲಿ, 14ರಲ್ಲಿ, 20ರಲ್ಲಿ ನೋಡಿ. ಅವನ ಮುಂದೆ ಬಂದು ಕೂರುವವರು ಹಿರಿಯರು, ಅಂದರೆ ಗಂಡಸರು, ಊರಿನ ಮುಖಂಡರು. ಅರಸರ ಕಾಲದಲ್ಲಿ ಒಮ್ಮೆ ಅಶ್ಶೂರದ ಜೊತೆ, ಒಮ್ಮೆ ಐಗುಪ್ತದ ಜೊತೆ, ಒಮ್ಮೆ ಬಾಬೆಲಿನ ಜೊತೆ ಒಪ್ಪಂದ ಮಾಡಿಕೊಂಡು ದೇಶವನ್ನು ಅಡವಿಟ್ಟವರು ಇಂಥವರೇ. ಒಹೊಲ, ಒಹೊಲೀಬ ಎಂಬ ಅಕ್ಕತಂಗಿಯರ ಕಥೆಯಲ್ಲಿ ಒಬ್ಬಳು ಸಮಾರ್ಯ, ಇನ್ನೊಬ್ಬಳು ಯೆರೂಸಲೇಮ್. ಆ ಅಸಹ್ಯದ ಹೆಂಗಸು ನೀವೇ ಎಂದು ಪ್ರವಾದಿ ಆ ಮುಖಂಡರಿಗೆ ಹೇಳುತ್ತಿದ್ದಾನೆ. ಮಾನ, ಕುಲ, ಅಧಿಕಾರ ಎಂದು ಬೀಗುತ್ತಿದ್ದ ಗಂಡಸರಿಗೆ ಅದಕ್ಕಿಂತ ದೊಡ್ಡ ಹೊಡೆತ ಇರಲಿಲ್ಲ. ಎರಡೂವರೆ ಸಾವಿರ ವರ್ಷಗಳ ನಂತರ ಅದೇ ಮಾತನ್ನು ಎತ್ತಿ ಮೂಲೆಯಲ್ಲಿ ಕೂತ ಹೆಂಗಸರ ಮೇಲೆ ಹಾಕಿದರೆ, ಯಾರಿಗೆ ಹೊಡೆಯಬೇಕೆಂದು ಪ್ರವಾದಿ ಎತ್ತಿದನೋ ಅವರು ತಪ್ಪಿಸಿಕೊಂಡುಬಿಟ್ಟರು.

ಆದರೆ ಒಂದು ಮಾತು ಒಪ್ಪಬೇಕು. ಪ್ರವಾದಿಯ ಗುರಿ ಗಂಡಸರೇ ಆದರೂ, ಬೈಯಲು ಅವನು ಎತ್ತಿಕೊಂಡ ಚಿತ್ರ ಹೆಂಗಸಿನದು. ಆ ಚಿತ್ರದಲ್ಲಿ ಬೆತ್ತಲೆಯಾಗುವವಳು, ಹೊಡೆತ ತಿನ್ನುವವಳು ಹೆಂಗಸೇ. 16ನೇ ಅಧ್ಯಾಯವೂ ಹಾಗೇ. ಆಮೋಸ 7ರಲ್ಲಿ ಬೇತೇಲಿನ ಯಾಜಕ ಅಮಚ್ಯನಿಗೆ ಪ್ರವಾದಿ ಹೇಳುವ ಮಾತಿನಲ್ಲೂ ಶಿಕ್ಷೆಯ ಒಂದು ಪಾಲು ಅವನ ಹೆಂಡತಿಯ ಮೇಲೆ ಬೀಳುತ್ತದೆ. ಗಂಡನ ಸಿಟ್ಟಿಗೆ ಹೆದರಿ ಬದುಕಿದ ಹೆಂಗಸರು ಈ ಅಧ್ಯಾಯಗಳನ್ನು ಕೇಳುವಾಗ ಅವರಿಗೆ ಏನಾಗುತ್ತದೆ ಎನ್ನುವುದನ್ನು ಪೀಠದಲ್ಲಿರುವವರು ಯೋಚಿಸಲೇಬೇಕು. ಇವು ವೇದದಲ್ಲಿರುವ ಕಷ್ಟದ ಜಾಗಗಳು. ಅವುಗಳನ್ನು ಓದುವಾಗ ಹೀಗೆ ಬೈಸಿಕೊಂಡವರು ಯಾರು ಎಂದು ಮೊದಲೇ ಹೇಳಿ ಓದಬೇಕು. ಕೈ ತೋರಿಸಿ ಓದಬಾರದು.

ಯೇಸುಸ್ವಾಮಿಯೂ ಅದೇ ಮಾತು ಆಡಿದ್ದಾರೆ. ಮತ್ತಾಯ 21ನೇ ಅಧ್ಯಾಯ, 31ನೇ ವಚನ. ಸುಂಕದವರೂ ಸೂಳೆಯರೂ ನಿಮಗಿಂತ ಮುಂಚೆ ದೇವರ ರಾಜ್ಯಕ್ಕೆ ಹೋಗುತ್ತಾರೆ ಅನ್ನುತ್ತಾರೆ. ಎಲ್ಲಿ ನಿಂತು? ಯೆರೂಸಲೇಮಿನ ದೇವಾಲಯದಲ್ಲಿ. ಯಾರ ಮುಖಕ್ಕೆ? ಮಹಾಯಾಜಕರ ಮತ್ತು ಪ್ರಜೆಯ ಹಿರಿಯರ ಮುಖಕ್ಕೆ. ಆ ಹೆಂಗಸರಿಗೆ ಊರು ಕೊಟ್ಟ ಹೆಸರನ್ನೇ ಸ್ವಾಮಿ ಹೇಳಿದರು, ಆದರೆ ಆ ಹೆಸರು ಹೊತ್ತವರನ್ನು ಸಾಲಿನ ಮುಂದೆ ನಿಲ್ಲಿಸಿದರು. ನಾನು ಪ್ರಸಂಗ ಪೀಠದಲ್ಲಿ ಆ ಮಾತನ್ನು ಕೇಳಲು ಸಿದ್ಧಳಿದ್ದೇನೆ. ಹೀಗೆ ಹೇಳುವುದಾದರೆ.

ವೇದದಲ್ಲಿರುವ ಅತಿ ಹೊಲಸು ಮಾತುಗಳಲ್ಲಿ ಒಂದನ್ನು ಆಡಿದವನು ಪ್ರವಾದಿಯೇ ಅಲ್ಲ. 2 ಅರಸುಗಳು 18, ಯೆಶಾಯ 36. ಹಿಜ್ಕೀಯ ಅರಸನ ಕಾಲ, ಕ್ರಿಸ್ತಪೂರ್ವ 701. ಅಶ್ಶೂರದ ಸನ್ಹೇರೀಬ ಯೂದಾಯದ ಕೋಟೆಗಳನ್ನು ಒಂದೊಂದಾಗಿ ಹಿಡಿದು ಯೆರೂಸಲೇಮಿನ ಬಳಿಗೆ ತನ್ನ ಅಧಿಕಾರಿ ರಬ್ಷಾಕೆಯನ್ನು ಕಳಿಸಿದ್ದಾನೆ. ಅರಸನ ಮನೆಯ ಅಧಿಕಾರಿಗಳು ಹೊರಗೆ ಬಂದು, ಅರಾಮ್ಯ ಭಾಷೆಯಲ್ಲಿ ಮಾತಾಡಿ, ನಮಗೆ ಅದು ಬರುತ್ತದೆ, ಗೋಡೆಯ ಮೇಲಿರುವ ಜನಕ್ಕೆ ಕೇಳುವ ಹಾಗೆ ನಮ್ಮ ಭಾಷೆಯಲ್ಲಿ ಬೇಡ ಎಂದು ಬೇಡಿಕೊಳ್ಳುತ್ತಾರೆ. ಅವನು ಬೇಕೆಂದೇ ಜನರ ಭಾಷೆಯಲ್ಲಿ, ಇನ್ನೂ ಗಟ್ಟಿಯಾಗಿ ಕೂಗುತ್ತಾನೆ. ಗೋಡೆಯ ಮೇಲೆ ಕೂತವರು ತಮ್ಮ ಮಲವನ್ನೇ ತಿಂದು ಮೂತ್ರವನ್ನೇ ಕುಡಿಯಬೇಕಾಗುತ್ತದೆ ಎಂದು ಅವರನ್ನೇ ಗುರಿಯಿಟ್ಟು ಹೇಳುತ್ತಾನೆ. ಹಸಿದು, ಹೆದರಿ ಕೂತ ಜನರ ಮೇಲೆ ಬಲವುಳ್ಳವನು ಎಸೆದ ಮಾತು ಅದು. ವೇದ ಅದನ್ನು ಬರೆದಿಟ್ಟಿದ್ದು ಶತ್ರುವಿನ ಸೊಕ್ಕು ಎಂಥದು ಎಂದು ನಮಗೆ ತಿಳಿಯಲಿ ಅಂತ. ವೇದದಲ್ಲಿದೆ ಎಂದ ಮಾತ್ರಕ್ಕೆ ಅದು ನಮ್ಮ ಬಾಯಿಗೆ ಬರಬೇಕಾದ ಮಾತಾಗುವುದಿಲ್ಲ.

ಈ ವಚನದ ಬಗ್ಗೆ ಯೆಹೂದ್ಯರು ಮಾಡಿದ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ. ಹಿಬ್ರೂ ಪ್ರತಿಯಲ್ಲಿ ಇಲ್ಲಿ ಬರೆದಿರುವುದು ಒಂದು, ಗಟ್ಟಿಯಾಗಿ ಓದುವುದು ಇನ್ನೊಂದು. ಒರಟಾಗಿ ಬರೆದಿರುವ ಕಡೆ ಮರ್ಯಾದೆಯ ಮಾತಿನಲ್ಲಿ ಓದಬೇಕು ಎಂದು ಅವರ ಧರ್ಮಗುರುಗಳಾದ ರಬ್ಬಿಗಳು, ತಮ್ಮ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುದಿನ ಮೆಗಿಲ್ಲಾ ಭಾಗದಲ್ಲಿ ಹೇಳಿದ್ದಾರೆ. ಧರ್ಮೋಪದೇಶಕಾಂಡ 28ರಲ್ಲೂ ಇಂಥ ಜಾಗಗಳಿವೆ. ಪ್ರತಿ ಬರೆಯುವವರು ಮೂಲದ ಒಂದು ಅಕ್ಷರವನ್ನೂ ಅಳಿಸಲಿಲ್ಲ. ಓದಬೇಕಾದ ಮಾತನ್ನು ಅಂಚಿನಲ್ಲಿ ಗುರುತು ಮಾಡಿದರು. ಸಭೆಯಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಓದಿದರೂ ಜನರ ಭಾಷೆಗೆ ತಿರುಗಿಸಿ ಹೇಳಬಾರದು ಎಂದು ಅದಕ್ಕೂ ಹಿಂದಿನ ನಿಯಮಗಳ ಸಂಗ್ರಹವಾದ ಮಿಷ್ನಾದಲ್ಲೇ ಚರ್ಚೆಯಾಗಿದೆ. ಯೆಹೆಜ್ಕೇಲ 16ನ್ನು ಸಭೆಯಲ್ಲಿ ಓದಲೇಬಾರದು ಎಂದು ರಬ್ಬಿ ಎಲೀಯೆಜರ್ ಹೇಳಿದ್ದೂ ಅಲ್ಲೇ ಇದೆ. ಅಂದರೆ ನಾವಿಂದು ಕೇಳುತ್ತಿರುವ ಪ್ರಶ್ನೆ ತುಂಬಾ ಹಳೆಯದು. ವೇದವನ್ನು ಪ್ರಾಣದಂತೆ ಕಾಪಾಡಿದ ಜನ ಅವರು. ಅವರೇ ಕೇಳುವವರ ಮಾನದ ಬಗ್ಗೆ ಇಷ್ಟು ಯೋಚಿಸಿದ್ದರು.

ದಾವೀದನ ಒಂದು ಮಾತನ್ನೂ ಇಲ್ಲಿ ಹೇಳಬೇಕು. 1 ಸಮುವೇಲ 25ರಲ್ಲಿ ನಾಬಾಲ ಊಟ ಕೊಡಲಿಲ್ಲ ಎಂಬ ಸಿಟ್ಟಿಗೆ ದಾವೀದ ನಾನೂರು ಜನರನ್ನು ಕಟ್ಟಿಕೊಂಡು ಹೊರಡುತ್ತಾನೆ. ಬೆಳಗಾಗುವುದರೊಳಗೆ ಆ ಮನೆಯಲ್ಲಿ ಗೋಡೆಗೆ ಮೂತ್ರ ಮಾಡುವವನೊಬ್ಬನೂ ಉಳಿಯಬಾರದು ಎಂದು ಆಣೆ ಇಡುತ್ತಾನೆ. ಗಂಡಸರನ್ನೆಲ್ಲಾ ಕೊಲ್ಲುತ್ತೇನೆ ಎಂದು ಅರ್ಥ. 1611ರ ಇಂಗ್ಲಿಷ್ ವೇದದಲ್ಲಿ ಇದು ಹಾಗೇ ಇದೆ. ಇಂದಿನ ಹೆಚ್ಚಿನ ಅನುವಾದಗಳಲ್ಲಿ ಗಂಡಸು ಎಂದಷ್ಟೇ ಇರುತ್ತದೆ. ಅಮೆರಿಕದಲ್ಲಿ ಈ ಮಾತನ್ನೇ ಹಿಡಿದು, ನಿಜವಾದ ಗಂಡಸು ಹೀಗಿರಬೇಕು ಎಂದು ಪ್ರಸಂಗ ಮಾಡಿದವರಿದ್ದಾರೆ. ಅವರು ಮುಂದಿನ ವಚನಗಳನ್ನು ಬಿಟ್ಟುಬಿಡುತ್ತಾರೆ. ನಾಬಾಲನ ಹೆಂಡತಿ ಅಬೀಗೈಲಳು ಇನ್ನೂರು ರೊಟ್ಟಿ, ಎರಡು ತೊಗಲಿನ ಚೀಲ ದ್ರಾಕ್ಷಾರಸ, ಐದು ಕುರಿಗಳ ಅಡಿಗೆ, ಹುರಿದ ಕಾಳು, ಒಣದ್ರಾಕ್ಷಿ, ಅಂಜೂರ ಎಲ್ಲಾ ಕತ್ತೆಗಳ ಮೇಲೆ ಹೇರಿಕೊಂಡು ದಾರಿಗೇ ಬರುತ್ತಾಳೆ. ಈ ರಕ್ತ ನಾಳೆ ನಿನ್ನ ಮನಸ್ಸಿಗೆ ಭಾರ ಆಗಬಾರದು ಎಂದು ಹೇಳಿ ಅವನನ್ನು ನಿಲ್ಲಿಸುತ್ತಾಳೆ. ನನ್ನನ್ನು ತಡೆದ ನಿನಗೆ ಆಶೀರ್ವಾದ ಆಗಲಿ ಎಂದು ದಾವೀದ ಹೇಳುತ್ತಾನೆ. ಆ ಒರಟು ಮಾತು ತಪ್ಪು ದಾರಿ ಹಿಡಿದವನ ಮಾತು ಎಂದು ಆ ಅಧ್ಯಾಯವೇ ಹೇಳುತ್ತದೆ. ಅದನ್ನು ಗಂಡಸುತನದ ಪಾಠ ಮಾಡುವುದು ವೇದಕ್ಕೆ ಮಾಡುವ ಅನ್ಯಾಯ.

ಕೊಡಗಿನಲ್ಲಿ ಈ ವಿಷಯ ನನಗೆ ಇನ್ನೂ ಹತ್ತಿರದ್ದು. ನಮ್ಮಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬೆಳಗಿನ ಹಾಜರಿಯ ಹೊತ್ತಿಗೆ ಕೂಲಿಯವರ ಲೈನ್ ಮನೆಗಳ ಕಡೆ ಎಂಥ ಮಾತುಗಳು ಹಾರುತ್ತಿದ್ದವು ಎಂದು ಕೇಳಿಕೊಂಡೇ ಬೆಳೆದವಳು ನಾನು. ಐದು ನಿಮಿಷ ತಡವಾದರೆ ತಾಯಿಯ ಹೆಸರಲ್ಲಿ ಬೈಗುಳ. ಕುಯ್ಲಿನಲ್ಲಿ ಒಂದು ಹಿಡಿ ಹಣ್ಣು ನೆಲಕ್ಕೆ ಬಿದ್ದರೆ ಜಾತಿಯ ಹೆಸರಲ್ಲಿ ಬೈಗುಳ. ಬೈಸಿಕೊಂಡವರು ತಲೆ ತಗ್ಗಿಸಿ ಚೀಲ ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದರು, ಯಾಕೆಂದರೆ ಮನೆಯೂ ತೋಟದ್ದೇ, ಕೂಲಿಯೂ ತೋಟದ್ದೇ. ಇಂಥವರು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಮಡಿಸಿಟ್ಟ ಸೀರೆ ಉಟ್ಟು ಸಭೆಗೆ ಬರುತ್ತಾರೆ. ವಾರದಲ್ಲಿ ಅವರನ್ನು ಪ್ರಿಯರೇ ಎಂದು ಕರೆಯುವ ಜಾಗ ಅದೊಂದೇ. ಅಲ್ಲೂ ಎತ್ತರದ ಜಾಗದಲ್ಲಿ ನಿಂತವರು, ಮೈಕ್ ಕೈಯಲ್ಲಿರುವವರು ಬೈಯಲು ಶುರು ಮಾಡಿದರೆ ಅವರಿಗೆ ಹೊಸದಾಗಿ ಏನು ಕೇಳಿಸುತ್ತದೆ? ಪಶ್ಚಾತ್ತಾಪ ಹುಟ್ಟುವುದಿಲ್ಲ. ಸೋಮವಾರದ ಹಾಜರಿ ಒಂದು ದಿನ ಮುಂಚೆ ಬಂದಂತೆ ಆಗುತ್ತದೆ, ಅಷ್ಟೇ.

ಕೊಡಗಿನ ಕ್ರೈಸ್ತರ ಚರಿತ್ರೆಯಲ್ಲೂ ಇದಕ್ಕೆ ಬೇರುಗಳಿವೆ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರಷ್ಟು ಹಳೆಯದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ಯಾಥೊಲಿಕರಿಗೆ ದೊಡ್ಡ ವೀರರಾಜೇಂದ್ರ ಒಡೆಯರು ಜಾಗ ಕೊಟ್ಟರು. ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1850ರ ದಶಕದಲ್ಲಿ ಅದರ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದರು. ಮಂಗಳೂರು ಸಮಾಚಾರ ಪತ್ರಿಕೆ ತಂದ ಅದೇ ಮೊಗ್ಲಿಂಗ್. ಜಮೀನುಗಳಲ್ಲಿ ತಲೆತಲಾಂತರ ಜೀತಕ್ಕಿದ್ದ ದಲಿತ ಕುಟುಂಬಗಳು ಅವರ ಹತ್ತಿರ ಬಂದವು. ಅವರಿಗಾಗಿ ಎದ್ದ ಊರು ಆನಂದಪುರ. ಕೊಡಗಿನ ಪ್ರೊಟೆಸ್ಟೆಂಟ್ ಸಭೆಯ ಮೊದಲ ಸಾಲಿನಲ್ಲಿ ಕೂತವರಲ್ಲಿ ಹೆಚ್ಚಿನವರು, ತಮ್ಮ ಕುಲದ ಹೆಸರೇ ಬೈಗುಳವಾಗಿದ್ದ ಜನ. ಸೆರೆಯಿಂದ ಓಡಿಬಂದವರು ಮತ್ತು ಜೀತದಿಂದ ಎದ್ದುಬಂದವರು ಕಟ್ಟಿದ ಸಭೆಗಳು ನಮ್ಮವು. ಇಲ್ಲಿ ನಿಂತು ಬಾಯಿಗೆ ಬಂದಂತೆ ಬೈಯುವ ಮೊದಲು ಅವರನ್ನು ನೆನೆಯಬೇಕು ಅಲ್ವಾ?

ಬೈಗುಳ ಕೆಳಗಿನಿಂದ ಮೇಲಕ್ಕೆ ಹೋಗುವುದನ್ನೂ ಕೊಡಗು ನೋಡಿದೆ. ಮೇ ತಿಂಗಳಲ್ಲಿ ದಕ್ಷಿಣ ಕೊಡಗಿನ ದೇವರಪುರದಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಆದಿವಾಸಿಗಳಾದ ಜೇನುಕುರುಬರು, ಯರವರು ವೇಷ ಹಾಕಿ, ಗಂಡಸರು ಹೆಂಗಸರ ಬಟ್ಟೆ ಉಟ್ಟು, ಡಬ್ಬ ಬಡಿದುಕೊಂಡು ಬೀದಿಗೆ ಇಳಿಯುತ್ತಾರೆ. ಎದುರಿಗೆ ಸಿಕ್ಕವರಿಗೆಲ್ಲಾ ಬೈಗುಳ. ಧಣಿಗೆ ಬೈಗುಳ, ಕಾರಿನಲ್ಲಿ ಹೋಗುವವರಿಗೆ ಬೈಗುಳ, ದೇವರಿಗೂ ಬೈಗುಳ. ತಮ್ಮನ್ನು ಕಾಡಿನಲ್ಲಿ ಕರೆತಂದ ಅಯ್ಯಪ್ಪ, ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಮರೆತುಬಿಟ್ಟ ಎಂಬುದು ಅವರ ದೂರು. ಅದು ನಮ್ಮ ಧರ್ಮದ ಹಬ್ಬ ಅಲ್ಲ. ಅದನ್ನು ಸಭೆಯೊಳಗೆ ತರಬೇಕು ಎಂದೂ ನಾನು ಹೇಳುತ್ತಿಲ್ಲ. ಆದರೆ ವರ್ಷವಿಡೀ ಬೈಸಿಕೊಂಡವರು ಆ ದಿನ ತಮಗಿಂತ ಮೇಲಿನವರ ಕಡೆಗೆ ಬಾಯಿ ತೆರೆಯುತ್ತಾರೆ. ಕಷ್ಟದಲ್ಲಿದ್ದ ಮನುಷ್ಯ ದೇವರ ಮೇಲೆಯೇ ಸಿಟ್ಟಾಗುವುದನ್ನು ಕೇಳಿದಾಗ ನನಗೆ ಯೆರೆಮೀಯ ನೆನಪಾಗುತ್ತಾನೆ. 20ನೇ ಅಧ್ಯಾಯದಲ್ಲಿ ಅವನು ದೇವರಿಗೆ, ನೀನು ನನ್ನನ್ನು ಮರುಳುಮಾಡಿದೆ, ಬಲದಿಂದ ನನ್ನನ್ನು ಗೆದ್ದೆ ಅನ್ನುತ್ತಾನೆ. 15ನೇ ಅಧ್ಯಾಯದಲ್ಲಿ, ನೀನು ನನಗೆ ನೀರಿಲ್ಲದೆ ಮೋಸಮಾಡುವ ತೊರೆಯಾಗುತ್ತೀಯಾ ಎಂದು ಕೇಳುತ್ತಾನೆ. 44ನೇ ಕೀರ್ತನೆಯಲ್ಲಿ ಜನ ದೇವರನ್ನು, ಏಳು, ಯಾಕೆ ಮಲಗಿದ್ದೀಯಾ ಎಂದು ಕರೆಯುತ್ತಾರೆ. ವೇದದ ಒರಟು ಮಾತು ದೇವರ ತನಕವೂ ಏರುತ್ತದೆ. ದೇವರು ಅದನ್ನು ತಾಳಿಕೊಳ್ಳುತ್ತಾರೆ. ಪುಸ್ತಕದೊಳಗೇ ಅದಕ್ಕೆ ಜಾಗ ಕೊಟ್ಟಿದ್ದಾರೆ.

ಮಾತಿನ ದಿಕ್ಕು ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಸಭೆಯ ಚರಿತ್ರೆಯಲ್ಲಿ, ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಜರ್ಮನಿಯ ಮಾರ್ಟಿನ್ ಲೂಥರನಿಗಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ. ಲೂಥರನ ಬಾಯಿ ಒರಟು ಎಂದು ಎಲ್ಲರಿಗೂ ಗೊತ್ತು. ರೋಮಿನ ದೊಡ್ಡ ಅಧಿಕಾರಕ್ಕೆ ಒಬ್ಬನೇ ಎದುರು ನಿಂತಾಗ ಆ ಒರಟುತನದ ಹಿಂದೆ ಅವನ ಪ್ರಾಣದ ಅಪಾಯವಿತ್ತು. ಅದು ಮಾತಿಗೆ ತೂಕ ಕೊಟ್ಟಿತ್ತು. ಆದರೆ 1525ರಲ್ಲಿ ದಂಗೆಯೆದ್ದ ರೈತರನ್ನು ಹುಚ್ಚುನಾಯಿಗೆ ಹೋಲಿಸಿ, ಕೈಗೆ ಸಿಕ್ಕವರನ್ನು ಕೊಲ್ಲಿ ಎಂದು ಬರೆದ. ಪ್ರಭುಗಳು ಸಾವಿರಾರು ರೈತರನ್ನು ಕೊಂದರು. 1543ರಲ್ಲಿ ಯೆಹೂದ್ಯರ ವಿರುದ್ಧ ಬರೆದ. ಅವರ ಸಭಾಮಂದಿರಗಳಿಗೆ ಬೆಂಕಿ ಹಚ್ಚಬೇಕು ಎಂದ. ಸುವಾರ್ತೆಗಳಲ್ಲಿ ಫರಿಸಾಯರೆಂಬ ಯೆಹೂದ್ಯ ಧರ್ಮಮುಖಂಡರಿಗೆ ಹೇಳಿದ ಗಡಸು ಮಾತುಗಳೆಲ್ಲಾ ಅಲ್ಲಿ ಊರಿಲ್ಲದ, ಸೈನ್ಯವಿಲ್ಲದ ಒಂದು ಸಣ್ಣ ಜನಾಂಗದ ಮೇಲೆ ಬಿದ್ದವು. ನಾಜಿಗಳು ಆ ಬರಹವನ್ನು ಮತ್ತೆ ಹಂಚಿದರು. 1946ರಲ್ಲಿ ನ್ಯೂರೆಂಬರ್ಗ್ ವಿಚಾರಣೆಯಲ್ಲಿ, ಯೆಹೂದ್ಯರ ವಿರುದ್ಧ ಪತ್ರಿಕೆ ನಡೆಸಿದ್ದ ನಾಜಿ ಜೂಲಿಯಸ್ ಸ್ಟ್ರೈಷರ್ ತನ್ನ ಪರವಾಗಿ ಲೂಥರನ ಹೆಸರನ್ನೇ ಎತ್ತಿದ. ಅಮೆರಿಕದ ದೊಡ್ಡ ಲೂಥರನ್ ಸಭೆ 1994ರಲ್ಲಿ ಆ ಬರಹಗಳನ್ನು ತಾನು ಒಪ್ಪುವುದಿಲ್ಲ ಎಂದು ಯೆಹೂದ್ಯ ಸಮುದಾಯಕ್ಕೆ ಬಹಿರಂಗವಾಗಿ ಹೇಳಿತು. ನಮ್ಮ ಸಭೆಗೆ ಸುವಾರ್ತೆ ತಂದ ಜರ್ಮನರು ಲೂಥರನ ನಾಡಿನವರೇ. ಹಾಗಾಗಿ ಇದು ಬೇರೆ ಯಾರದೋ ಕಥೆ ಎಂದು ನಾನು ಕೈತೊಳೆದುಕೊಳ್ಳಲಾರೆ.

ಎಲ್ಲಾ ಮೆತ್ತಗೆ ಮಾಡಿದರೆ ಪ್ರವಾದಿಗಳ ಬೆಂಕಿ ಆರಿಹೋಗುತ್ತದೆ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದು ನಿಜವಾದ ಭಯ. ಎಫೆಸ 5:4, ಕೊಲೊಸ್ಸೆ 3:8 ಇವನ್ನು ತೋರಿಸಿ, ಹೊಲಸು ಮಾತು ಬಾಯಲ್ಲಿ ಬರಬಾರದು ಎಂದು ಪೌಲನೇ ಹೇಳಿದ್ದಾನಲ್ಲ, ಮುಗಿಯಿತು ಎಂದು ಕೂತರೆ ಕತ್ತರಿಸಿಕೊಂಡುಬಿಡಲಿ ಎಂಬ ಪೌಲನದೇ ಗಲಾತ್ಯ 5ರ ಮಾತನ್ನು ಏನು ಮಾಡುವುದು? ಫಿಲಿಪ್ಪಿ 3ರಲ್ಲಿ ತನ್ನ ಕುಲ, ತನ್ನ ಓದು, ತನ್ನ ಹೆಮ್ಮೆ ಎಲ್ಲವನ್ನೂ ಅವನು ತಿಪ್ಪೆಗೆ ಎಸೆಯುವ ಹೊಲಸು ಎಂದದ್ದನ್ನು ಏನು ಮಾಡುವುದು? ಅಲ್ಲಿ ಬೈಗುಳ ತನ್ನ ಮೇಲೇ. ಅದನ್ನು ಅಷ್ಟೇ ಗಡಸಾಗಿ ಓದಬೇಕು. ಆಮೋಸ 4:1 ಕೂಡ ಹಾಗೇ. ಬಡವರನ್ನು ಹಿಂಡಿ, ಕುಡಿಯಲು ತಂದುಕೊಡಿ ಎಂದು ಗಂಡಂದಿರಿಗೆ ಹೇಳುವ ಸಮಾರ್ಯದ ಶ್ರೀಮಂತ ಹೆಂಗಸರನ್ನು ಪ್ರವಾದಿ ಬಾಷಾನಿನ ಕೊಬ್ಬಿದ ಹಸುಗಳು ಅನ್ನುತ್ತಾನೆ. ತೋಟದ ಯಜಮಾನರು ಮುಂದಿನ ಬೆಂಚಿನಲ್ಲಿ ಕೂತಿರುವಾಗ ಈ ವಚನದ ಮೇಲೆ ಪ್ರಸಂಗ ನಾನು ಕೇಳಿಲ್ಲ. ಕಾಫಿಗೆ ಒಳ್ಳೆ ಬೆಲೆ ಬಂದ ವರ್ಷದಲ್ಲಿ ಯಾಕೋಬ 5:4 ಕೂಡ ಕೇಳಿಲ್ಲ. ಕೂಲಿಯವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತದೆ ಎನ್ನುವ ವಚನ ಅದು. ಗಡಸು ಮಾತು ಬೇಕು ಎನ್ನುವವರು ಇಲ್ಲಿಂದ ಶುರು ಮಾಡಲಿ. ನಾನು ಅವರ ಜೊತೆಗಿದ್ದೇನೆ.

ಆಮೋಸನನ್ನು ಬೇತೇಲಿನಿಂದ ಓಡಿಸಿದರು. ಯೆರೆಮೀಯನನ್ನು ಕೆಸರಿನ ಬಾವಿಗೆ ಇಳಿಸಿದರು. ಸರ್ಪಜಾತಿಯವರೇ ಎಂದು ಫರಿಸಾಯರಿಗೂ ಸದ್ದುಕಾಯರಿಗೂ ಹೇಳಿದ ಸ್ನಾನಿಕ ಯೋಹಾನ, ಹೆರೋದನ ತಪ್ಪನ್ನೂ ಹೇಳಿ ತಲೆ ಕಳೆದುಕೊಂಡ. ಹೆರೋದನನ್ನು ನರಿ ಎಂದ ಯೇಸುಸ್ವಾಮಿಯ ಕಥೆ ಶಿಲುಬೆಯ ತನಕ ಹೋಯಿತು. ನರ್ಸ್ ಕೆಲಸಕ್ಕೆ ಹೋಗುವ ಹುಡುಗಿಯನ್ನು ಮೈಕಿನಲ್ಲಿ ಬೈದವರಿಗೆ ಆ ರಾತ್ರಿ ಊಟ ಬಡಿಸಿದ್ದೂ ಹೆಂಗಸರೇ.

ನನ್ನ ವಾದಕ್ಕೆ ಅಡ್ಡ ಬರುವ ಒಂದು ಜಾಗವಿದೆ, ಅದನ್ನು ದಾಟಿಹೋಗುವುದು ಸರಿಯಲ್ಲ. ಮತ್ತಾಯ 15, ಮಾರ್ಕ 7. ತೂರ್ ಸೀದೋನಿನ ಸೀಮೆಯಲ್ಲಿ ಕಾನಾನ್ಯ ಹೆಂಗಸೊಬ್ಬಳು ಮಗಳಿಗಾಗಿ ಕೂಗಿಕೊಂಡು ಬರುತ್ತಾಳೆ. ಮಕ್ಕಳ ರೊಟ್ಟಿ ತೆಗೆದು ನಾಯಿಗಳಿಗೆ ಹಾಕುವುದು ಸರಿಯಲ್ಲ ಎಂದು ಯೇಸುಸ್ವಾಮಿ ಹೇಳುತ್ತಾರೆ. ಇದು ಕೆಳಗಿದ್ದವಳ ಮೇಲೆ ಬಿದ್ದ ಮಾತೇ. ಅವಳ ನಂಬಿಕೆಯನ್ನು ಪರೀಕ್ಷಿಸಲು ಹೇಳಿದರು ಅನ್ನುತ್ತಾರೆ. ಶಿಷ್ಯರ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ತೋರಿಸಿದರು ಅನ್ನುವವರೂ ಇದ್ದಾರೆ. ನನಗೆ ಈ ವಿವರಣೆಗಳಿಂದ ಪೂರ್ತಿ ಸಮಾಧಾನ ಆಗಿಲ್ಲ. ಆದರೆ ಮುಂದೆ ನಡೆದದ್ದು ಕಣ್ಣಿಗೆ ಕಾಣುತ್ತದೆ. ಅವಳು ಅಲ್ಲೇ ನಿಂತು ತಿರುಗಿ ಹೇಳಿದಳು. ಹೌದು ಸ್ವಾಮಿ, ಆದರೂ ಯಜಮಾನರ ಮೇಜಿನಿಂದ ಬೀಳುವ ತುಣುಕುಗಳನ್ನು ನಾಯಿಗಳೂ ತಿನ್ನುತ್ತವಲ್ಲ ಎಂದಳು. ಸ್ವಾಮಿ ಅದನ್ನು ಕೇಳಿಸಿಕೊಂಡರು. ನಿನ್ನ ನಂಬಿಕೆ ದೊಡ್ಡದು ಎಂದರು. ಅವಳ ಮಾತಿಗಾಗಿಯೇ ಮಗಳು ಗುಣವಾದಳು ಎಂದು ಮಾರ್ಕ ಬರೆಯುತ್ತಾನೆ. ಸುವಾರ್ತೆಯಲ್ಲಿ ಕೊನೆಗೆ ಗೆದ್ದದ್ದು ಆ ಹೆಂಗಸಿನ ಉತ್ತರ. ನಮ್ಮ ಕೂಟಗಳಲ್ಲಿ ಉತ್ತರಕ್ಕೆ ಜಾಗವೇ ಇರುವುದಿಲ್ಲ. "ಎದ್ದು ಕೇಳೋಣ ಅನ್ನಿಸಿತು ಟೀಚರೇ, ಆದ್ರೆ ಅಷ್ಟು ಜನರ ಮಧ್ಯೆ ಹೇಗೆ ಏಳೋದು" ಎಂದು ಆ ನರ್ಸ್ ಹುಡುಗಿಯ ತಾಯಿ ಆಮೇಲೆ ನನ್ನ ಹತ್ತಿರ ಹೇಳಿದರು.

ಅದಾದ ಮೇಲೆ ನಮ್ಮ ಸ್ತ್ರೀಯರ ಕೂಟದಲ್ಲಿ ನ್ಯಾಯಸ್ಥಾಪಕರು 19ನ್ನು ಪೂರ್ತಿಯಾಗಿ ಓದಿದೆವು. ಲೇವಿಯನೊಬ್ಬನ ಉಪಪತ್ನಿಯನ್ನು ಗಿಬೆಯ ಊರಿನ ದುಷ್ಟರು ರಾತ್ರಿಯಿಡೀ ಕೆಡಿಸಿ ಬಿಟ್ಟ ಅಧ್ಯಾಯ. ಅವಳನ್ನು ಬಾಗಿಲಿನಿಂದ ಹೊರಗೆ ದೂಡಿದವನು ಗಂಡನೇ. ಬೆಳಿಗ್ಗೆ ಹೊಸ್ತಿಲ ಮೇಲೆ ಕೈಯಿಟ್ಟು ಬಿದ್ದಿದ್ದಳು. ಆಮೇಲೆ ಅವಳ ದೇಹವನ್ನು ಹನ್ನೆರಡು ತುಂಡು ಮಾಡಿ ಇಸ್ರಾಯೇಲಿನ ಎಲ್ಲಾ ಕಡೆಗೆ ಕಳಿಸಿದ. ಒಂದು ಮಾತನ್ನೂ ನಾವು ಮೆತ್ತಗೆ ಮಾಡಲಿಲ್ಲ. ಮೊದಲೇ, ಇದು ಕಷ್ಟದ ಅಧ್ಯಾಯ, ಆಗದಿದ್ದರೆ ಯಾರು ಬೇಕಾದರೂ ಎದ್ದು ಹೊರಗೆ ಹೋಗಿ ಕೂರಬಹುದು ಎಂದು ಹೇಳಿದ್ದೆವು. ಯಾರೂ ಹೋಗಲಿಲ್ಲ. ಓದಿ ಮುಗಿದ ಮೇಲೆ ತುಂಬಾ ಹೊತ್ತು ಮಾತು ನಡೆಯಿತು. ಇಷ್ಟು ವರ್ಷ ಇದನ್ನು ನಮಗ್ಯಾಕೆ ಯಾರೂ ಓದಿ ಹೇಳಲಿಲ್ಲ ಎಂದು ಒಬ್ಬ ಅಜ್ಜಿ ಕೇಳಿದರು. ತೋಟದ ಲೈನಿನಲ್ಲಿ ತಾವು ಕಂಡದ್ದನ್ನು ಇಬ್ಬರು ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ವೇದದಲ್ಲೇ ಇದೆ ಅಂದಮೇಲೆ ನಾವೂ ಹೇಳಬಹುದು ಅಲ್ವಾ ಎಂದರು. ಪೀಠದಲ್ಲಿ ಬೈಯಲು ಪರವಾನಗಿ ಬೇಕಾದವರು ಹೇಳುವ ಮಾತೂ ಅದೇ, ವೇದದಲ್ಲೇ ಇದೆ ಅಂತ. ಆ ಹೆಂಗಸರ ಬಾಯಲ್ಲಿ ಅದು ಮೊದಲ ಸಲ ನ್ಯಾಯವಾಗಿ ಕೇಳಿಸಿತು.

ಮುಂದಿನ ಓದಿಗೆ 2 ಸಮುವೇಲ 13 ಎಂದು ಅವರೇ ಆರಿಸಿಕೊಂಡಿದ್ದಾರೆ. ದಾವೀದನ ಮಗಳು ತಾಮಾರಳ ಕಥೆ. ಅಣ್ಣ ಅಮ್ನೋನ ಅವಳನ್ನು ಕೆಡಿಸಿದ. ಅಪ್ಪನಿಗೆ ವಿಷಯ ತಿಳಿಯಿತು, ಬಹಳ ಸಿಟ್ಟೂ ಬಂತು, ಆದರೆ ಮಗನಿಗೆ ಏನೂ ಮಾಡಲಿಲ್ಲ. ಈ ಸಲ ಗಂಡಸರೂ ಬಂದು ಕೂರಬೇಕು, ಸಭಾಪಾಲಕರೂ ಇರಬೇಕು, ಓದಿದ ಮೇಲೆ ಪ್ರಸಂಗ ಬೇಡ, ಮೊದಲು ಹೆಂಗಸರು ಮಾತಾಡುತ್ತಾರೆ ಎಂಬುದು ಅವರ ಬೇಡಿಕೆ. ಸಭಾ ಸಮಿತಿಗೆ ಪತ್ರ ಕೊಟ್ಟಿದ್ದೇವೆ. ಸಮಿತಿಯಲ್ಲಿ ಇಬ್ಬರು ಒಪ್ಪಿದ್ದಾರೆ, ಉಳಿದವರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.